ಎರಡು ಹಡಗು, ಒಂದು ಹೆಸರು: ಐಎನ್‌ಎಸ್ ಮೈಸೂರ್

ಭಾರತೀಯ ನೌಕಾಪಡೆಯ ಎರಡು ಯುದ್ಧನೌಕೆಗಳು ‘ಮೈಸೂರ್’ ಎಂಬ ಹೆಸರನ್ನು ಹೊತ್ತಿವೆ. ಹೆಸರು ಒಂದೇ ಆದರೂ ಅದು ಸೂಚಿಸುವ ವಸ್ತು ಒಂದೇ ಅಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲನೆಯದು 1939ರಲ್ಲಿ ನೀರಿಗಿಳಿದ ಬ್ರಿಟಿಷ್ ಕ್ರೂಸರ್ ‘ನೈಜೀರಿಯಾ’. 1942ರಲ್ಲಿ ಮಾಲ್ಟಾದತ್ತ ಸಾಗುತ್ತಿದ್ದ ಸರಕುನೌಕೆಗಳ ಬೆಂಗಾವಲಿನಲ್ಲಿದ್ದಾಗ ಟಾರ್ಪೆಡೊ ಬಡಿದರೂ ಮುಳುಗದೆ ಉಳಿದ ಈ ಹಡಗು, ಭಾರತದ ಪಾಲಾಗಿ 1957ರ ಆಗಸ್ಟ್ 29ರಂದು ‘ಮೈಸೂರ್’ ಆಯಿತು. ವಸಾಹತೊಂದರ ಹೆಸರು ಅಳಿದು ರಾಜ್ಯವೊಂದರ ಹೆಸರು ಬಂದಿತು. 1799ರಲ್ಲಿ ಕರಾವಳಿಯನ್ನು ಕಳೆದುಕೊಂಡಿದ್ದ ಮೈಸೂರು ಮತ್ತೆ ಕಡಲನ್ನು ಪಡೆದದ್ದು 1956ರ ನವೆಂಬರಿನ ಪುನರ್ವಿಂಗಡಣೆಯಲ್ಲಿ, ಅಂದರೆ ಒಂದು ವರ್ಷವೂ ತುಂಬದ ಹಿಂದೆ. ಹಡಗಿನ ಲಾಂಛನ ಗಂಡಭೇರುಂಡ. (ಬಳ್ಳಿಗಾವೆಯ 1047ರ ಸ್ತಂಭದಲ್ಲಿ ಇದಕ್ಕೆ ಮನುಷ್ಯದೇಹವಿದೆ, ಅರಮನೆಯ ಮುದ್ರೆಯಲ್ಲಿ ಅದು ಪೂರ್ಣ ಪಕ್ಷಿ.) 1971ರ ಯುದ್ಧದಲ್ಲಿ ಈ ನೌಕೆ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು.

1973ರಲ್ಲಿ ರಾಜ್ಯವು ‘ಕರ್ನಾಟಕ’ವಾಯಿತು, ಹಡಗು ಹೆಸರು ಬದಲಿಸಲಿಲ್ಲ. 1985ರಲ್ಲಿ ಅದು ನಿವೃತ್ತವಾಯಿತು.

ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಿತವಾದ ಎರಡನೆಯ ‘ಮೈಸೂರ್’ 1999ರ ಜೂನ್ 2ರಂದು ಸೇವೆಗೆ ಸೇರಿದಾಗ ಆ ಹೆಸರಿನ ರಾಜ್ಯವೇ ಇರಲಿಲ್ಲ. ಅದೇ ವರ್ಗದ ‘ಡೆಲ್ಲಿ’ಯೂ ಹಳೆಯ ಕ್ರೂಸರೊಂದರ ಹೆಸರನ್ನೇ ತಳೆದಿತ್ತು. ಆದ್ದರಿಂದ ಇಲ್ಲಿ ಹೆಸರು ಬಂದಿರುವುದು ನೆಲದಿಂದಲ್ಲ, ಹಿಂದಿನ ಹಡಗಿನಿಂದ. 2014ರಲ್ಲಿ ನಗರದ ಅಧಿಕೃತ ಇಂಗ್ಲಿಷ್ ಕಾಗುಣಿತಕ್ಕೂ ಉಕಾರ ಸೇರಿತು; ನೌಕೆ ಮಾತ್ರ ‘ಮೈಸೂರ್’ ಆಗಿಯೇ ಉಳಿದಿದೆ.