ಅರಸನ ಗಿಂಡಿಯವನು ಬರೆದ ಚರಿತ್ರೆ

ಅರಸರ ಚರಿತ್ರೆಯನ್ನು ತಿಳಿಯಲು ಶಾಸನಗಳು, ಆಸ್ಥಾನ ವಿದ್ವಾಂಸರ ಗ್ರಂಥಗಳು, ಪರದೇಶದ ಯಾತ್ರಿಕರ ಬರಹಗಳು ಎಂಬ ಮೂರು ಸಾಧನಗಳು ಪ್ರಸಿದ್ಧವಾಗಿವೆ. ಶಾಸನವು ಅರಸನ ದಾನವನ್ನೂ ಬಿರುದುಗಳನ್ನೂ ಹೇಳುವುದು. ಆಸ್ಥಾನ ವಿದ್ವಾಂಸನು ಅನ್ನವಿತ್ತ ಒಡೆಯನ ಕೀರ್ತಿಯನ್ನು ಕೊಂಡಾಡುವನು. ಯಾತ್ರಿಕನು ಬಾಗಿಲ ಹೊರಗೆ ನಿಂತು ಕಂಡಷ್ಟನ್ನು ಬರೆಯುವನು. ಅರಮನೆಯ ಒಳಗೆ ಹಗಲಿರುಳು ಊಳಿಗಮಾಡಿದ ಸೇವಕನೊಬ್ಬನು ತಾನು ಕಂಡುದನ್ನು ತಾನೇ ಬರೆದಿಡುವುದು ಬಹು ವಿರಳ. ಅಂತಹ ವಿರಳ ಗ್ರಂಥಗಳಲ್ಲಿ ಮೊಗಲ ಬಾದಶಹನಾದ ಹುಮಾಯೂನನ ಸೇವಕ ಜೌಹರನು ಬರೆದ ‘ತಜ್ಕಿರತುಲ್ ವಾಕಿಆತ್’ ಎಂಬುದು ಒಂದು.

ಜೌಹರನದು ಆಫ್ತಾಬ್ಚಿಯ ಉದ್ಯೋಗ. ಪಾರಸಿಯಲ್ಲಿ ಆಫ್ತಾಬಾ ಎಂದರೆ ಗಿಂಡಿ. ಅರಸನು ಕೈಕಾಲು ತೊಳೆಯುವಾಗ ನೀರೆರೆಯುವುದು ಅವನ ಕೆಲಸ. ಪದವಿಯಿಂದ ಇದು ಕಿರಿದಾದರೂ ಸಾಮೀಪ್ಯದಿಂದ ಹಿರಿದು. ಮಂತ್ರಿಗಳಿಗೂ ಸೇನಾಪತಿಗಳಿಗೂ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲದ ವೇಳೆಯಲ್ಲಿ ಗಿಂಡಿಯವನು ಅರಸನ ಬಳಿಯಲ್ಲಿರುವನು; ಕಿರೀಟವಿಲ್ಲದ ಅರಸನನ್ನು ಕಾಣುವನು.

ಹುಮಾಯೂನನು 1530ರಲ್ಲಿ ಪಟ್ಟವೇರಿದನು. 1539ರಲ್ಲಿ ಚೌಸಾ, 1540ರಲ್ಲಿ ಕನೋಜು, ಈ ಎರಡು ಕದನಗಳಲ್ಲಿ ಶೇರಶಹನಿಂದ ಸೋತು ರಾಜ್ಯವನ್ನು ಕಳೆದುಕೊಂಡನು. ಸಿಂಧ್ ಮತ್ತು ರಾಜಪುತಾನದ ಮರುಭೂಮಿಗಳಲ್ಲಿ ಅಲೆದು, ಪಾರಸಿಕ ದೇಶದಲ್ಲಿ ಆಶ್ರಯ ಪಡೆದು, 1545ರಲ್ಲಿ ಕಂದಹಾರ, ಕಾಬೂಲುಗಳನ್ನೂ 1555ರಲ್ಲಿ ದಿಲ್ಲಿಯನ್ನೂ ಮರಳಿ ಪಡೆದನು. ಮರುವರ್ಷವೇ ದಿಲ್ಲಿಯ ತನ್ನ ಪುಸ್ತಕಾಲಯದ ಮೆಟ್ಟಿಲುಗಳಿಂದ ಜಾರಿಬಿದ್ದು ಮೃತನಾದನು. ಈ ಏಳುಬೀಳುಗಳಲ್ಲಿ ಬಹುಭಾಗವನ್ನು ಜೌಹರನು ಒಡೆಯನ ಜೊತೆಯಲ್ಲಿದ್ದು ಕಂಡವನು. ಅಬುಲ್ ಫಜಲನು ರಚಿಸಲಿದ್ದ ‘ಅಕ್ಬರನಾಮೆ’ಗೆ ಸಾಮಗ್ರಿ ಬೇಕಾಗಿ, ಹಳೆಯ ಕಾಲವನ್ನು ಬಲ್ಲವರೆಲ್ಲರೂ ನೆನಪಿನಲ್ಲಿರುವುದನ್ನು ಬರೆಯಬೇಕೆಂದು ಅಕ್ಬರನು ಆಜ್ಞಾಪಿಸಿದನು. ಹುಮಾಯೂನನ ತಂಗಿ ಗುಲ್ಬದನ್ ಬೇಗಮಳೂ, ಬಾಯಜೀದ್ ಬಯಾತನೂ, ಜೌಹರನೂ ಬರೆದುದು ಹೀಗೆ. ಜೌಹರನು ಗ್ರಂಥವನ್ನು ಆರಂಭಿಸಿದುದು 1587ರ ಸುಮಾರಿನಲ್ಲಿ. ಒಡೆಯನು ಗತಿಸಿ ಆಗಲೇ ಮೂವತ್ತು ವರ್ಷಗಳಾಗಿದ್ದುವು.

ಈ ಗ್ರಂಥದ ಬೆಲೆಯನ್ನರಿಯಲು ಎರಡು ಪ್ರಸಂಗಗಳು ಸಾಕು. 1542ರಲ್ಲಿ ಅಮರಕೋಟೆಯಲ್ಲಿ ಅಕ್ಬರನು ಹುಟ್ಟಿದಾಗ ಹುಮಾಯೂನನು ಊರಿನಿಂದ ಹೊರಟು ಬೀಡುಬಿಟ್ಟಿದ್ದನು. ಪುತ್ರೋತ್ಸವದಲ್ಲಿ ಸರದಾರರಿಗೆ ಉಡುಗೊರೆ ಕೊಡುವುದು ರಾಜಮರ್ಯಾದೆ; ಕೊಡಲು ಅವನಲ್ಲಿ ಏನೂ ಇರಲಿಲ್ಲ. ತಾನು ಒಪ್ಪಿಸಿದ್ದ ವಸ್ತುಗಳನ್ನು ತರುವಂತೆ ಜೌಹರನಿಗೆ ಹೇಳಲು, ಅವನು ಇನ್ನೂರು ಶಾಹರುಖಿ ನಾಣ್ಯಗಳನ್ನೂ, ಒಂದು ಬೆಳ್ಳಿಯ ಕಡಗವನ್ನೂ, ಒಂದು ಕಸ್ತೂರಿಯ ಗಟ್ಟಿಯನ್ನೂ ತಂದಿಟ್ಟನು. ಹಣವನ್ನೂ ಕಡಗವನ್ನೂ ಅವುಗಳ ಒಡೆಯರಿಗೆ ಹಿಂದಿರುಗಿಸಲು ಹೇಳಿ, ಅರಸನು ಕಸ್ತೂರಿಯನ್ನು ಚೀನೀ ತಟ್ಟೆಯಲ್ಲಿ ಒಡೆದು ಎಲ್ಲರಿಗೂ ಹಂಚಿದನು. ಮಗನ ಕೀರ್ತಿಯೂ ಈ ಪರಿಮಳದಂತೆ ಹರಡಲೆಂದು ಹಾರೈಸಿದನು. ಆ ಕಸ್ತೂರಿಯನ್ನು ತಂದುಕೊಟ್ಟ ಕೈಯೇ ಈ ಪ್ರಸಂಗವನ್ನು ಬರೆದಿರುವುದು.

ಎರಡನೆಯದು ಕಠೋರವಾದುದು. ಹುಮಾಯೂನನ ತಮ್ಮ ಕಾಮ್ರಾನನು ಹಲವು ಬಾರಿ ದ್ರೋಹವೆಸಗಿದ್ದನು. ಇನ್ನೊಬ್ಬ ತಮ್ಮನಾದ ಹಿಂದಾಲನು ಅವನ ಸೈನ್ಯದ ರಾತ್ರಿ ದಾಳಿಯಲ್ಲಿ 1551ರಲ್ಲಿ ಮಡಿದಿದ್ದನು. 1553ರಲ್ಲಿ ಗಖ್ಖರರ ನಾಯಕನು ಕಾಮ್ರಾನನನ್ನು ಹಿಡಿದೊಪ್ಪಿಸಿದನು. ಸರದಾರರು ಮರಣದಂಡನೆಯನ್ನೇ ಬಯಸಿದರು. ಸಹೋದರರಿಗೆ ಕೇಡೆಣಿಸಬೇಡವೆಂಬ ತಂದೆ ಬಾಬರನ ಮಾತು ಹುಮಾಯೂನನ ಮನಸ್ಸಿನಲ್ಲಿತ್ತು. ಕೊನೆಗೆ ಪ್ರಾಣವನ್ನುಳಿಸಿ ಕಣ್ಣು ಕೀಳಿಸುವ ತೀರ್ಮಾನವಾಯಿತು. ಬಂದಿಯ ಉಪಚಾರಕ್ಕೆ ನೇಮಕವಾದವರಲ್ಲಿ ಜೌಹರನೂ ಒಬ್ಬನು. ತನ್ನನ್ನು ಕೊಲ್ಲುವರೇ ಎಂದು ಕಾಮ್ರಾನನು ಕೇಳಿದಾಗ, ಅರಸರ ಮನಸ್ಸನ್ನು ಅರಸರೇ ಬಲ್ಲರೆಂದಷ್ಟೇ ಅವನು ಉತ್ತರಕೊಟ್ಟನು. ಮರುದಿನ ಆಜ್ಞೆ ನೆರವೇರಿತು. ಈಟಿಯಂಥ ಸಲಕರಣೆಯಿಂದ ಮತ್ತೆ ಮತ್ತೆ ಇರಿದುದನ್ನೂ, ಕಾಮ್ರಾನನು ಹಲ್ಲುಕಚ್ಚಿ ಸಹಿಸಿದುದನ್ನೂ, ಆ ಗಾಯಕ್ಕೆ ನಿಂಬೆಯ ರಸ ಉಪ್ಪುಗಳನ್ನು ಹಾಕಿದಾಗ ದೇವರನ್ನು ಕೂಗಿದುದನ್ನೂ ಜೌಹರನು ಮುಚ್ಚದೆ ಬರೆದಿರುವನು. ನೋಡಲಾರದೆ ಅವನು ತನ್ನ ಡೇರೆಗೆ ಮರಳಿದನು. ಇದನ್ನು ಕಂಡ ಅರಸನು ಅಪ್ಪಣೆಯಿಲ್ಲದೆ ಬಂದುದೇಕೆಂದು ವಿಚಾರಿಸಿದನು. ಕೆಲಸ ಮುಗಿಯಿತೆಂದು ಬಿನ್ನವಿಸಲು, ಸ್ನಾನಕ್ಕೆ ನೀರು ಸಿದ್ಧಪಡಿಸುವಂತೆ ಅಪ್ಪಣೆಯಾಯಿತು.

ಇಲ್ಲಿ ಜೌಹರನು ಒಡೆಯನನ್ನು ನಿಂದಿಸುವುದೂ ಇಲ್ಲ, ಸಮರ್ಥಿಸುವುದೂ ಇಲ್ಲ. ಮುಪ್ಪಿನಲ್ಲಿ ಆ ಒಡೆಯನ ಮಗನ ಅಪ್ಪಣೆಯಂತೆಯೇ ಬರೆಯುತ್ತಿದ್ದರೂ ನಡೆದುದನ್ನು ನಡೆದಂತೆ ಇಟ್ಟನು. ಪಾರಸಿಕ ದೊರೆ ತಹಮಾಸ್ಪನು ಶಿಯಾ ಮತವನ್ನು ಒಪ್ಪುವಂತೆ ಹುಮಾಯೂನನನ್ನು ನಿರ್ಬಂಧಿಸಿದುದನ್ನೂ, ಆಶ್ರಿತನಾದ ಅರಸನು ಪಟ್ಟ ಅವಮಾನವನ್ನೂ ಅವನು ಮರೆಮಾಡಲಿಲ್ಲ. ಆಸ್ಥಾನ ಚರಿತ್ರಕಾರನ ಲೇಖನಿಗೆ ಅದೇ ಪ್ರವಾಸವು ಎರಡು ರಾಜಕುಲಗಳ ಮೈತ್ರಿಯ ಉತ್ಸವವಾಗಿ ಕಂಡಿತು.

ಹಾಗೆಂದು ಅವನ ಮಾತೆಲ್ಲವೂ ಪ್ರಮಾಣವಲ್ಲ. ಅಕ್ಬರನ ಜನನವು ಶಾಬಾನ್ ತಿಂಗಳ ಹುಣ್ಣಿಮೆಯ ರಾತ್ರಿಯೆಂದು ಅವನು ಬರೆದರೆ, ಆಸ್ಥಾನದ ಲೆಕ್ಕದಂತೆ ಅದು ರಜಬ್ ತಿಂಗಳ ಐದನೆಯ ದಿನ, ಎಂದರೆ 1542ನೆಯ ಅಕ್ಟೋಬರ್ 15. ವಿನ್ಸೆಂಟ್ ಸ್ಮಿತ್ ಎಂಬ ಚರಿತ್ರಕಾರನು ಜೌಹರನ ಪಕ್ಷವನ್ನು ಹಿಡಿದನು. ಬಹುಮಂದಿ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಹಲವು ದಶಕಗಳ ಮೇಲೆ ನೆನಪಿನಿಂದ ಬರೆಯುವವನಿಗೆ ತಿಥಿವಾರಗಳು ತಪ್ಪುವುದು ಸಹಜ. ಕಣ್ಣಾರೆ ಕಂಡ ತಟ್ಟೆಯೂ ಪರಿಮಳವೂ ಅಷ್ಟು ಬೇಗ ಮರೆಯುವಂಥವಲ್ಲ. ಆದುದರಿಂದ ಇಂತಹ ಗ್ರಂಥಗಳಲ್ಲಿ ಕಾಲಗಣನೆಯನ್ನು ಇತರ ಆಧಾರಗಳೊಡನೆ ಒರೆಗೆ ಹಚ್ಚಿ, ಕಂಡ ಸಂಗತಿಗಳನ್ನು ಆದರದಿಂದ ಸ್ವೀಕರಿಸುವುದೇ ಯುಕ್ತವು.

ಜೌಹರನ ಶೈಲಿ ಸರಳವಾದುದು. ಫೈಜಿ ಸರಹಿಂದಿ ಎಂಬ ಪಂಡಿತನು ಅದನ್ನು ತಿದ್ದಿ ಪ್ರೌಢವಾಗಿ ಬರೆದುದೂ ಉಂಟು. ಚಾರ್ಲ್ಸ್ ಸ್ಟೂವರ್ಟನು 1832ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಬಳಿಕ ಆ ಸೇವಕನ ಮಾತು ಹೊರದೇಶದವರನ್ನೂ ಮುಟ್ಟಿತು. ಒಡೆಯನಲ್ಲಿ ಭಕ್ತಿಯಿದ್ದೂ ಸತ್ಯವನ್ನು ಬಿಡದೆ ಇರುವುದು ಸೇವಾಧರ್ಮದಲ್ಲಿ ಕಠಿನತಮವಾದುದು. ಬಿರುದಾವಳಿಗಳಿಂದ ತುಂಬಿದ ಗ್ರಂಥಗಳ ನಡುವೆ ಗಿಂಡಿಯವನ ಈ ಸಣ್ಣ ಪುಸ್ತಕವು ಮಾನ್ಯವಾಗಿರುವುದು ಆ ಗುಣದಿಂದಲೇ.