ನಮ್ಮ ತಾಲ್ಲೂಕುಗಳನ್ನು ಅಳೆದ ಕಥೆ



ಕಳೆದ ವಾರ ಹಳೆಯ ಟ್ರಂಕಿನಲ್ಲಿ 2001ರ ಜನಗಣತಿಯ ಕಾಲದ ಕೈಚೀಲವೊಂದು ದೊರೆಯಿತು. ಅದನ್ನು ಹೆಗಲಿಗೆ ಹಾಕಿಕೊಂಡು, ಆ ವರ್ಷದ ಫೆಬ್ರವರಿಯಲ್ಲಿ ಶಹಾಬಾದ್ ಸಮೀಪದ ಕಲ್ಲುಗಣಿಗಳ ನಡುವಿನ ಊರೊಂದರಲ್ಲಿ ನಾನು ಮನೆಮನೆ ಸುತ್ತಿದ್ದೆ. ಆ ನೆನಪಿನೊಂದಿಗೆ, ನಮ್ಮ ಸೀಮೆಯ ಹಿಂದುಳಿಯುವಿಕೆಯನ್ನು ವಿದ್ವಾಂಸರು ಅಳೆದ ಕಥೆಯನ್ನೂ ಬರೆಯಬೇಕೆನಿಸಿತು.

ನಮ್ಮದು ಬರಿಯ ಬಡ ನೆಲವಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 1874ರಲ್ಲಿಯೇ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಓಡಿತು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಯಿತು. ಸುಣ್ಣದಕಲ್ಲು ಹೇರಳವಾಗಿದ್ದುದರಿಂದ ಶಹಾಬಾದ್, ವಾಡಿ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದವು. ಚಿಂಚೋಳಿಯಲ್ಲಿ ಕಾಡಿತ್ತು, ಎಲ್ಲೆಡೆ ತೊಗರಿ ಬೆಳೆಯುತ್ತಿತ್ತು. ಇಷ್ಟಿದ್ದೂ ಜನರೇಕೆ ಬಡವರು ಎಂಬ ಪ್ರಶ್ನೆಯನ್ನು ನಾವು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೆವು. ಅದು ಗೊಣಗಾಟವಾಗಿತ್ತೇ ಹೊರತು ವಾದವಾಗಿರಲಿಲ್ಲ.

ಗೊಣಗಾಟವನ್ನು ವಾದವನ್ನಾಗಿ ಮಾಡಿದ್ದು ಅಂಕಿಗಳು. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದಿತು. ಅದರ ರೂವಾರಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಚಿಂತನೆಯಲ್ಲಿ ಜೊತೆಗಾರ ನಮ್ಮ ಅಮರ್ತ್ಯ ಸೇನ್. ಹಣದೊಂದಿಗೆ ಆಯುಸ್ಸು, ಅಕ್ಷರಗಳನ್ನೂ ಸೇರಿಸಿ ಅಳೆಯಬೇಕೆಂಬುದು ಅವರ ಮತ. ಕರ್ನಾಟಕವು 1999ರಲ್ಲಿ ತನ್ನದೇ ವರದಿಯನ್ನು ಪ್ರಕಟಿಸಿತು. 2005ರ ಎರಡನೆಯ ವರದಿಯಲ್ಲಿ 27 ಜಿಲ್ಲೆಗಳ ಪೈಕಿ ಗುಲಬರ್ಗಾ 26ನೆಯದು, ರಾಯಚೂರು ಕಡೆಯದು.

ಜಿಲ್ಲೆಗಿಂತ ಕೆಳಗಿಳಿದು ನೋಡಿದವರು ಡಾ. ಡಿ. ಎಂ. ನಂಜುಂಡಪ್ಪನವರು. 2000ದಲ್ಲಿ ರಚನೆಯಾದ ಅವರ ಸಮಿತಿಯು 2002ರ ಜೂನ್‌ನಲ್ಲಿ ವರದಿ ಒಪ್ಪಿಸಿತು. ಕೃಷಿ, ಕೈಗಾರಿಕೆ, ರಸ್ತೆ-ರೈಲು, ಶಾಲೆ-ಆಸ್ಪತ್ರೆ, ಜನಸಂಖ್ಯೆಯ ಲಕ್ಷಣ ಮುಂತಾದವುಗಳ 35 ಸೂಚಕಗಳನ್ನು ಕೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಅಂಕ ಕೊಟ್ಟರು. 1 ಎಂದರೆ ರಾಜ್ಯದ ಸರಾಸರಿ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಾಯಿತು. ಅವುಗಳಲ್ಲಿ 39 'ಅತ್ಯಂತ ಹಿಂದುಳಿದವು'. ಆ 39ರಲ್ಲಿ 21 ಗುಲಬರ್ಗಾ ವಿಭಾಗದವೇ. ಸೇಡಂ, ಚಿಂಚೋಳಿ, ಮತ್ತು ಅಂದು ಶಹಾಬಾದ್, ವಾಡಿಗಳನ್ನು ಒಳಗೊಂಡಿದ್ದ ಚಿತ್ತಾಪುರ, ಮೂರೂ ಆ ಪಟ್ಟಿಯಲ್ಲಿದ್ದವು. ರೈಲು, ಕಾರ್ಖಾನೆಗಳಿಂದ ಬಂದ ಅಂಕವನ್ನು ಶಾಲೆ, ಆರೋಗ್ಯ, ನೀರಾವರಿಗಳ ಕೊರತೆ ನುಂಗಿಹಾಕಿತ್ತು. ಚಿಮಣಿಯ ಹೊಗೆಯೊಂದೇ ಅಭಿವೃದ್ಧಿಯಲ್ಲವೆಂದು ಲೆಕ್ಕದಿಂದಲೇ ರುಜುವಾತಾಯಿತು.

ಈಗ ನನ್ನ ಚೀಲದ ಮಾತಿಗೆ ಬರುತ್ತೇನೆ. ಗಣತಿಯಲ್ಲಿ ಒಂದು ಮನೆಯ ಬಾಗಿಲಲ್ಲಿ ನಿಂತಾಗ ನನ್ನದೇ ತರಗತಿಯ ಹುಡುಗನ ತಾಯಿ ಹೊರಬಂದರು. ಮಗ ಎಲ್ಲಿ ಎಂದು ಕೇಳಿದೆ.

"ಖಣಿಗಿ ಹೋಗ್ಯಾನ್ರಿ ಸರ. ಸಾಲಿಗಿ ಕಳಿಸಿದ್ರ ಸಂಜಿಗಿ ರೊಟ್ಟಿ ಎಲ್ಲಿಂದ ಬರ್ತದ್ರಿ?"

ಗಣತಿಯ ನಮೂನೆಯಲ್ಲಿ ಅವನು ದುಡಿಯುವವನೆಂದು ಬರೆದುಕೊಂಡೆ. ಆದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ತಿಂಗಳಿಂದ ಅವನಿಗೆ ಹಾಜರಿ ಹಾಕುತ್ತಿದ್ದವನೂ ನಾನೇ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋದೀತೆಂಬ ಅಂಜಿಕೆ. ಒಂದೇ ಕೈ, ಒಂದೇ ಲೇಖನಿ. ಎರಡು ಕಾಗದ, ಎರಡು ಹುಡುಗರು.

ಮುಂದೆ ಸಮಿತಿಯ ಸೂಚಕಗಳನ್ನು ಓದುವಾಗ, ಶಾಲೆಯಿಂದ ಹೊರಗುಳಿದ 6ರಿಂದ 14 ವರ್ಷದ ಮಕ್ಕಳ ಪ್ರಮಾಣವೂ ಅದರಲ್ಲಿದ್ದುದನ್ನು ಕಂಡು ತಲೆ ತಗ್ಗಿಸಿದೆ. ನನ್ನಂಥವರ ಸುಳ್ಳು ಹಾಜರಿ ನಮ್ಮ ತಾಲ್ಲೂಕನ್ನು ಇದ್ದುದಕ್ಕಿಂತ ಮೇಲಾಗಿ ತೋರಿಸುವಂಥದ್ದು. ದೊಡ್ಡ ಸಂಶೋಧನೆಗಳ ಬುಡದಲ್ಲಿ ಇರುವುದು ಇಂಥ ಹಳ್ಳಿಯ ದಾಖಲೆಗಳೇ ಅಲ್ಲವೇ?

ವರದಿ ಕಪಾಟಿನಲ್ಲಿ ಕೊಳೆಯಲಿಲ್ಲವೆಂಬುದೇ ಸಮಾಧಾನ. ನಮ್ಮ ಹೋರಾಟಗಾರರ ಕೈಯಲ್ಲಿ ಅದು ಆಧಾರವಾಯಿತು. 2012ರ 98ನೆಯ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತು, 2013ರಿಂದ ಜಾರಿಯಾಯಿತು. ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾದವು. ನಿಮ್ಮಲ್ಲಿ ಕೆಲವರ ಮಕ್ಕಳು ಆ ಬಾಗಿಲಿನಿಂದಲೇ ವೈದ್ಯರೂ ಎಂಜಿನಿಯರರೂ ಆಗಿದ್ದಾರೆ. ಆದರೂ 2011ರ ಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75 ದಾಟಿದಾಗ ನಮ್ಮ ಜಿಲ್ಲೆಯದು 65ರ ಆಸುಪಾಸಿನಲ್ಲಿತ್ತು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಮುಂದಿನ ಗಣತಿಯ ಚೀಲ ನಿಮ್ಮ ಹೆಗಲಿಗೂ ಬಂದೀತು. ನಿಮ್ಮ ಗುರು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬೆಂಚು ಖಾಲಿಯಿದ್ದರೆ ಖಾಲಿಯೆಂದೇ ಬರೆಯಿರಿ. ಆ ಹುಡುಗನಿಗೆ ಸಲ್ಲಬೇಕಾದುದು ಅಲ್ಲಿಂದಲೇ ಮೊದಲಾಗಬೇಕು.