‘ಬಂದಿರಾ?’ ಮತ್ತು ‘ಮರಳಿ ಸ್ವಾಗತ’: ಮರಳಿದವರನ್ನು ಎದುರುಗೊಳ್ಳುವ ನುಡಿಗಳ ಚರಿತ್ರೆ, ಕನ್ನಡ ಮತ್ತು ಜರ್ಮನ್

ಮಲ್ಲಂದೂರಿನ ಸುತ್ತಣ ಕಾಫಿ ಸೀಮೆಯಲ್ಲಿ ಹೋಗುವುದೂ ಮರಳುವುದೂ ಬದುಕಿನ ಲಯಕ್ಕೆ ಸೇರಿದ ಸಂಗತಿಗಳು. ಹಣ್ಣಿನ ಕೊಯ್ಲಿಗೆ ವರ್ಷವರ್ಷವೂ ತೋಟಕ್ಕೆ ಬರುವ ಕಾರ್ಮಿಕರಿದ್ದಾರೆ. ಬೆಂಗಳೂರು ಸೇರಿ ಹಬ್ಬಕ್ಕೆ ಊರಿಗೆ ಬರುವ ಮಕ್ಕಳಿದ್ದಾರೆ. ಹೀಗೆ ಮರಳಿದವರನ್ನು ಮನೆಯ ಜಗಲಿಯು ‘ಬಂದ್ಯಾ?’, ‘ಬಂದ್ರಾ?’ ಎಂದು ಕೇಳುತ್ತದೆ. ಮೊಬೈಲಿನ ಪರದೆಯಾದರೋ ‘ಮರಳಿ ಸ್ವಾಗತ’ ಎನ್ನುತ್ತದೆ. ಈ ಎರಡರ ಅಂತರ ವ್ಯಾಕರಣದಲ್ಲಿಯೇ ಬೇರೂರಿದೆ ಎಂಬುದನ್ನು ಜರ್ಮನ್ ಭಾಷೆಯ ಹೋಲಿಕೆಯೊಡನೆ ಇಲ್ಲಿ ಪರಿಶೀಲಿಸುತ್ತೇವೆ.

ಮರಳಿದವರಿಗೆ ಹೇಳುವ ಮಾತನ್ನು ಬೀಳ್ಕೊಡುವ ಮಾತಿನಿಂದ ಬೇರ್ಪಡಿಸಿ ನೋಡಲಾಗದು. ಹೊರಡುವಾಗ ಬರಿದೇ ‘ಹೋಗುತ್ತೇನೆ’ ಎನ್ನುವುದು ಅಶುಭ. ‘ಹೋಗಿ ಬರುತ್ತೇನೆ’ ಎನ್ನಬೇಕು. ತುಳುವಿನ ‘ಪೋದು ಬರ್ಪೆ’, ತಮಿಳಿನ ‘ಪೋಯಿಟ್ಟು ವರೇನ್’ ಇದೇ ಬಗೆಯವು. ಮರಾಠಿಯಲ್ಲಿ ಹೊರಡುವವನು ‘ಯೇತೋ’, ಅಂದರೆ ‘ಬರುತ್ತೇನೆ’ ಎಂದಷ್ಟೇ ಹೇಳುತ್ತಾನೆ. ಹೊರಡುವಾಗ ಇತ್ತ ಮಾತು ಈಡೇರಿತೆಂಬ ಒಪ್ಪಿಗೆಯೇ ‘ಬಂದಿರಾ?’. ಕಣ್ಣೆದುರು ನಿಂತವರನ್ನು ಹೀಗೆ ಕೇಳುವಾಗ ಮಾಹಿತಿಯ ಅಪೇಕ್ಷೆ ಇರುವುದಿಲ್ಲ. ರೂಪದಲ್ಲಿ ಪ್ರಶ್ನೆಯಾದರೂ ಕಾರ್ಯದಲ್ಲಿ ಅದು ಉಪಚಾರ.

ಈ ಪ್ರಶ್ನಾರೂಪದ ಉಪಚಾರಕ್ಕೆ ದೀರ್ಘ ಚರಿತ್ರೆಯಿದೆ. ಬಂದವರನ್ನು ಬಂದಿರಾ, ಕ್ಷೇಮವೇ ಎಂದು ವಿಚಾರಿಸಿ ಕುಳ್ಳಿರಿಸದವರನ್ನು 12ನೆಯ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದು ಪ್ರಶ್ನಿಸುತ್ತದೆ. ಅತಿಥಿಸತ್ಕಾರವನ್ನು ಹೆಸರಿಸುವ ದೇಶ್ಯ ಪದಗಳೂ ಕ್ರಿಯೆಗಳೇ ಆಗಿವೆ. ಹಳಗನ್ನಡದ ‘ಇದಿರ್ಗೊಳ್’ ಇಂದಿನ ‘ಎದುರುಗೊಳ್ಳು’. ‘ಬರಮಾಡಿಕೊಳ್ಳು’ ಎಂಬಲ್ಲಿ ‘ಮಾಡು’ ಪ್ರೇರಣೆಯನ್ನೂ ‘ಕೊಳ್ಳು’ ಆತ್ಮಾರ್ಥವನ್ನೂ ಸೂಚಿಸುತ್ತವೆ. ಬರುವಿಕೆಯಲ್ಲಿ ಆತಿಥೇಯನೂ ಪಾಲುದಾರ.

ಸಂಸ್ಕೃತದ ‘ಸ್ವಾಗತ’ (ಸು + ಆಗತ) ಬೇರೆ ಜಾತಿಯ ಪದ. ಅದು ಬರವನ್ನು ಒಳ್ಳೆಯದೆಂದು ಸಾರುವ ನಾಮರೂಪ. ಜರ್ಮನ್ನಿನ ‘ವಿಲ್‌ಕೊಮೆನ್’ ಇದಕ್ಕೆ ಹತ್ತಿರದ್ದು: ಪ್ರಾಚೀನ ಹೈ ಜರ್ಮನ್ನಿನ ‘ವಿಲ್ಲಿಕೋಮೋ’ ಎಂದರೆ ಇಚ್ಛೆಗೆ ಒಪ್ಪುವಂತೆ ಬಂದವನು. ಆದರೆ ಮರಳಿದವರಿಗೆ ಜರ್ಮನರು ಮನೆಮಾತಿನಲ್ಲಿ ‘ಷ್ಯೋನ್, ದಸ್ ದು ವೀಡರ್ ದಾ ಬಿಸ್ಟ್’ (ನೀನು ಮತ್ತೆ ಇಲ್ಲಿರುವುದು ಸಂತೋಷ) ಎನ್ನುತ್ತಾರೆ. ಹಿರಿಯರಿಗೆ, ಅಪರಿಚಿತರಿಗೆ ‘ದು’ ಹೋಗಿ ‘ಜೀ’ ಬರುತ್ತದೆ, ಕ್ರಿಯಾಪದವೂ ಬದಲಾಗುತ್ತದೆ. ಇಂದು ಬಳಕೆಯಲ್ಲಿರುವ ‘ವಿಲ್‌ಕೊಮೆನ್ ತ್ಸುರ್ಯುಕ್’ ಇಂಗ್ಲಿಷಿನ ‘ವೆಲ್‌ಕಮ್ ಬ್ಯಾಕ್’ನ ಅಚ್ಚು ಎಂಬ ಆಕ್ಷೇಪ ಜರ್ಮನ್ ಭಾಷಿಕರಲ್ಲಿ ಕೇಳಿಬರುತ್ತದೆ. ‘ಮರಳಿ ಸ್ವಾಗತ’ವೂ ಅದೇ ಅಚ್ಚಿನದು.

ಕನ್ನಡ ಮತ್ತು ಜರ್ಮನ್ ಇಂಗ್ಲಿಷಿನ ಮೂಲಕ ಸಂಧಿಸುವುದು ಹೊಸತಲ್ಲ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನ್ ವಿದ್ವಾಂಸ ಫರ್ಡಿನಂಡ್ ಕಿಟೆಲ್ ಅವರ 1894ರ ಮಹಾನಿಘಂಟು ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥ ನೀಡಿತು. ಅಲ್ಲಿ ಇಂಗ್ಲಿಷ್ ವಿವರಣೆಯ ಭಾಷೆ. ಇಲ್ಲಿ ಅದು ಮಾತಿನ ಮಾದರಿಯೇ ಆಗಿದೆ.

ಹಾಗಾದರೆ ಬದಲಾದುದೇನು? ‘ಬಂದೆಯಾ’ ಎನ್ನಬೇಕೇ ‘ಬಂದಿರಾ’ ಎನ್ನಬೇಕೇ ಎಂಬ ಆಯ್ಕೆಯನ್ನು ಕ್ರಿಯಾಪದದ ಪುರುಷಪ್ರತ್ಯಯ ಕಡ್ಡಾಯಗೊಳಿಸುತ್ತದೆ; ಸಂಬಂಧವನ್ನು ಗುರುತಿಸದೆ ಬಾಯಿ ತೆರೆಯಲಾಗದು. ‘ಮರಳಿ ಸ್ವಾಗತ’ಕ್ಕೆ ‘ನಿನಗೆ’, ‘ನಿಮಗೆ’ ಸೇರಿಸಬಹುದು, ಸೇರಿಸಲೇಬೇಕಿಲ್ಲ. ‘ವಿಲ್‌ಕೊಮೆನ್ ತ್ಸುರ್ಯುಕ್’ ಕೂಡ ‘ದು’, ‘ಜೀ’ಗಳ ಆಯ್ಕೆಯನ್ನು ತಪ್ಪಿಸುತ್ತದೆ.

ಇದನ್ನು ಕೇವಲ ನಷ್ಟವೆಂದು ಬರೆದುಬಿಡಲು ನಾವು ಹಿಂಜರಿಯುತ್ತೇವೆ. ತೋಟದ ಸೀಮೆಯಲ್ಲಿ ಏಕವಚನ ಯಾವಾಗಲೂ ವಾತ್ಸಲ್ಯದ್ದಲ್ಲ. ತಾಯಿ ಮಗನಿಗೆ ಹೇಳುವ ‘ಬಂದ್ಯಾ?’ ಮತ್ತು ಒಡೆಯನು ತನಗಿಂತ ಹಿರಿಯನಾದ ಕಾರ್ಮಿಕನಿಗೆ ಹೇಳುವ ‘ಬಂದ್ಯಾ?’ ವ್ಯಾಕರಣಕ್ಕೆ ಒಂದೇ, ಕೇಳಿದವನಿಗೆ ಒಂದೇ ಅಲ್ಲ. ಪುರುಷಪ್ರತ್ಯಯವಿಲ್ಲದ ‘ಸ್ವಾಗತ’ ಯಾರನ್ನೂ ಹತ್ತಿರ ಸೆಳೆಯದಿದ್ದರೂ ಯಾರನ್ನೂ ಕೆಳಗಿಳಿಸುವುದಿಲ್ಲ. ಆದರೆ ಆ ಕಾರ್ಮಿಕನಿಗೆ ಸಲ್ಲಬೇಕಾದ ಗೌರವಕ್ಕೆ ಕನ್ನಡವು ಪರದೆಯ ನುಡಿಯನ್ನು ಕಡ ತರಬೇಕಾಗಿಲ್ಲ. ಅದು ‘ಬಂದಿರಾ?’ ಎಂಬ ಬಹುವಚನದಲ್ಲಿ ಮೊದಲಿನಿಂದಲೂ ಇದೆ. ಯಾರಿಗೆ ಅದನ್ನು ನುಡಿಯುತ್ತೇವೆ ಎಂಬುದಷ್ಟೇ ಬದಲಾಗಬೇಕಿದೆ.